ದುಂಡಪ್ಪನ ಕುದುರೆ ಹಿಡಿದ ದಾರಿ

ಮಸಗುಪ್ಪಿಯ ದುಂಡಪ್ಪ ಯಾರನ್ನೂ ದಾರಿ ಕೇಳುವುದಿಲ್ಲ. ಕಬ್ಬಿನ ತಳಿಯ ಬಗ್ಗೆ ಕೇಳುತ್ತಾನೆ, ಎಮ್ಮೆ ಎಷ್ಟನೆಯ ಸೂಲಿನದೆಂದು ಕೇಳುತ್ತಾನೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತನ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆಂದೂ ಕೇಳುತ್ತಾನೆ. ದಾರಿಯೊಂದನ್ನು ಮಾತ್ರ ಕೇಳುವುದಿಲ್ಲ. “ದಾರಿ ಕೇಳಿದವನ್ನ ಮಂದಿ ಪರದೇಶಿ ಅಂತಾರ” ಎಂಬುದು ಅವನ ವಾದ. ಈ ವಾದವನ್ನು ನಂಬಿ ಅವನು ಒಮ್ಮೆ ಬೀಗರ ಮನೆಯೆಂದು ತಿಳಿದು ಇನ್ನಾರದೋ ಮನೆಗೆ ಹೋಗಿ, ಕೈಕಾಲು ತೊಳೆದು, ಊಟಕ್ಕೆ ಕುಳಿತು, ಎರಡನೆಯ ರೊಟ್ಟಿಯ ಹೊತ್ತಿಗೆ ತಪ್ಪು ಗೊತ್ತಾಗಿ, ನಡುವೆ ಎದ್ದರೆ ಅನ್ನಕ್ಕೆ ಅವಮಾನವಾದೀತೆಂದು ಪೂರ್ತಿ ಉಂಡೇ ಬಂದ. ಆ ಮನೆಯವರು ಈಗಲೂ ಅವನನ್ನು ಹಬ್ಬಕ್ಕೆ ಕರೆಯುತ್ತಾರೆ. ಬೀಗರು ಕರೆಯುವುದಿಲ್ಲ.

ನನಗೆ ಅವನು ಮೂಡಲಗಿಯ ಹೈಸ್ಕೂಲಿನ ದಿನಗಳಿಂದ ಗೆಳೆಯ. ಒಂದೇ ಬೆಂಚಿನ ಮೇಲೆ ನಾವು ನಾಲ್ವರು ಕುಳಿತಿದ್ದೆವು. ದುಂಡಪ್ಪ ತಂದೆಯ ಹೊಲ ಹಿಡಿದ. ಬಸವಣ್ಣೆಪ್ಪ ಗೋಕಾಕದಲ್ಲಿ ಕರದಂಟಿನ ಅಂಗಡಿ ಇಟ್ಟ. ಗಜಾನನ ಬಸ್ ಕಂಡಕ್ಟರನಾಗಿ ನಿವೃತ್ತನಾಗಿ ಹುಕ್ಕೇರಿಯಲ್ಲಿ ಮನೆ ಕಟ್ಟಿಸಿಕೊಂಡ. ಕೆಲಸ ಬಿಟ್ಟರೂ ಸೀಟಿಯನ್ನು ಮಾತ್ರ ಇನ್ನೂ ಕೊರಳಿನಿಂದ ತೆಗೆದಿಲ್ಲ. ನಾನು ಮಾಸ್ತರನಾದೆ.

ಪ್ರತಿ ವರ್ಷ ಮಾರ್ಗಶಿರ ಮಾಸದಲ್ಲಿ, ಸುಗ್ಗಿಯ ಗಡಿಬಿಡಿ ಶುರುವಾಗುವ ಮೊದಲು, ನಾವು ನಾಲ್ವರು ಎರಡು ದಿನ ಗುಡ್ಡಕ್ಕೆ ಹೋಗುತ್ತೇವೆ. ಹತ್ತರಗಿಯಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ನಡೆದರೆ ಗುಡ್ಡಸಾಲು ಸಿಗುತ್ತದೆ. ಅದರಲ್ಲಿ ಒಂದನ್ನು ನಾವು ಸಿದ್ಧರಾಯನ ಗುಡ್ಡ ಎನ್ನುತ್ತೇವೆ. ತುದಿಯಲ್ಲಿ ಕಲ್ಲಿನ ಹಳೆಯ ಮಂಟಪವೊಂದಿದೆ, ಅದರ ಬದಿಗೆ ಬೇಸಿಗೆಯಲ್ಲೂ ಬತ್ತದ ಒರತೆ. ಅಲ್ಲಿ ನಾವು ಸೌದೆ ಹಚ್ಚಿ ಝುಣಕ ಮಾಡುತ್ತೇವೆ, ಬುತ್ತಿಯ ರೊಟ್ಟಿ ತಿನ್ನುತ್ತೇವೆ, ಮಲಗುತ್ತೇವೆ, ಎದ್ದು ಮತ್ತೆ ತಿನ್ನುತ್ತೇವೆ. ಫೋನುಗಳನ್ನು ಒಯ್ಯಬಾರದೆಂಬುದು ನಿಯಮ. ಹತ್ತರಗಿಯ ಖಾನಾವಳಿಯ ಅನುರಾಧಾಬಾಯಿ ನಾಲ್ಕನ್ನೂ ಹಿಟ್ಟಿನ ಖಾಲಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿಡುತ್ತಾರೆ.

ಮುಂದೆ ನಡೆಯುವವನು ಯಾವಾಗಲೂ ದುಂಡಪ್ಪನೇ. ಏಕೆಂದು ಕೇಳಿದರೆ ಉತ್ತರವಿಲ್ಲ. ಬೆಂಚಿನಲ್ಲಿಯೂ ಅವನೇ ಮೊದಲು ಕೂಡುತ್ತಿದ್ದ. ಪ್ರತಿ ವರ್ಷ ಅವನಿಗೊಂದು ಹೊಸ ಒಳದಾರಿ ಹೊಳೆಯುತ್ತದೆ. ಒಂದು ವರ್ಷ ಆಡಿನ ಜಾಡು ಹಿಡಿಸಿದ. ಆಡು ಬಂಡೆಯ ಮೇಲೆ ಜಿಗಿದು ಹೋಯಿತು. ಬಸವಣ್ಣೆಪ್ಪ ಕತ್ತಾಳೆಯ ಮೆಳೆಯಲ್ಲಿ ಸಿಕ್ಕಿಕೊಂಡು, ಧೋತರವನ್ನು ಅಲ್ಲಿಯೇ ಬಿಟ್ಟುಕೊಟ್ಟು, ಟವೆಲ್ ಸುತ್ತಿಕೊಂಡು ಹತ್ತರಗಿಗೆ ಇಳಿದ. ಇನ್ನೊಂದು ವರ್ಷ ಗುಡ್ಡದ ಬೇರೆ ಮಗ್ಗುಲಿಗೆ ಇಳಿಸಿ, ಗುರುತಿಲ್ಲದವರ ಮದುವೆಯ ಹಂದರದೊಳಕ್ಕೆ ನಮ್ಮನ್ನು ತಂದು ನಿಲ್ಲಿಸಿದ. ವರನ ಕಡೆಯವರು ನಮ್ಮನ್ನು ವಧುವಿನ ಕಡೆಯವರೆಂದು ಉಪಚರಿಸಿದರು, ವಧುವಿನ ಕಡೆಯವರು ವರನ ಕಡೆಯವರೆಂದು. ಅಷ್ಟು ಚೆನ್ನಾದ ಬುಂದೆಯನ್ನು ನಾನು ಆಮೇಲೆ ಎಲ್ಲಿಯೂ ತಿಂದಿಲ್ಲ.

ಹೋದ ವರ್ಷದ ಮುಂಚಿನ ವರ್ಷ ಮಾತ್ರ ನಗೆಯ ಮಾತಾಗಲಿಲ್ಲ. ದುಂಡಪ್ಪ ಹೊಸ ದಾರಿ ತೋರಿಸಲು ಹೋಗಿ, ಹುಲ್ಲು ಮುಚ್ಚಿದ ಹಳೆಯ ಕಲ್ಲುಗಣಿಯ ತಗ್ಗಿನಲ್ಲಿ ಬಿದ್ದ. ಮೊಣಕಾಲು ಕುಂಬಳಕಾಯಿಯಂತೆ ಬಾತುಕೊಂಡಿತು. ಕಂಬಳಿಯ ಜೋಳಿಗೆ ಮಾಡಿ ಅವನನ್ನು ಹೊತ್ತು ತಂದೆವು. ಮಸಗುಪ್ಪಿಯ ಮನೆಯ ಬಾಗಿಲಲ್ಲಿ ಅವನ ಹೆಂಡತಿ ಬಾಳವ್ವ ನಿಂತಿದ್ದಳು.

“ಇದ ಕಡೀ ಸಲ,” ಎಂದಳು. “ಇನ್ನೊಮ್ಮಿ ಗುಡ್ಡದ ಕಡೆ ಮಾರಿ ಮಾಡಿದ್ರಿ ಅಂದ್ರ ನಾ ಬುತ್ತಿನೂ ಕಟ್ಟಂಗಿಲ್ಲ, ಬಾಗಲಾನೂ ತಗ್ಯಂಗಿಲ್ಲ. ಮಾಸ್ತರ, ನಿಮಗೂ ಹೇಳಾಕತ್ತೇನಿ. ಉಳದ ಮೂರೂ ಮನಿಗೆ ಫೋನ್ ಹಚ್ಚತೇನಿ. ಆಮ್ಯಾಲ ನಿಮ್ಮ ಗುಡ್ಡ ಹ್ಯಾಂಗ ನಡೀತೈತಿ ನೋಡತೇನಿ.”

ನಮ್ಮ ನಾಲ್ವರ ಮನೆಯವರೂ ಒಂದೇ ವಾಟ್ಸ್ಯಾಪ್ ಗುಂಪಿನಲ್ಲಿದ್ದಾರೆ. ಆದ್ದರಿಂದ ಇದು ಬರಿಯ ಬೆದರಿಕೆಯಲ್ಲ. ದುಂಡಪ್ಪ ಜೋಳಿಗೆಯೊಳಗಿನಿಂದಲೇ “ಹೂಂ” ಎಂದ.

ಆದರೆ ಹೋದ ವರ್ಷ ಮಾರ್ಗಶಿರ ಹತ್ತಿರ ಬಂದಂತೆ ಅವನು ಊಟ ಬಿಟ್ಟವನಂತೆ ತಿರುಗತೊಡಗಿದ. ಒಂದು ಮಧ್ಯಾಹ್ನ ಮೂಡಲಗಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು, “ಮಾಸ್ತರ, ಕುದರಿ ತಗೊಂಡೇನಿ,” ಎಂದ.

“ಎದಕ್ಕೋ?”

“ಮೊಣಕಾಲಿಗೆ. ಸಾಮಾನು ಅದು ಹೊರತೈತಿ, ನಾ ಕೈಬೀಸಿ ನಡೀತೇನಿ.”

ನಡೆದದ್ದು ಇಷ್ಟು. ದಸರೆಯ ನಂತರ ಲಗಮಪ್ಪನೆಂಬ ಕುರಿಗಾರ ತನ್ನ ಹಿಂಡನ್ನು ದುಂಡಪ್ಪನ ಹೊಲದಲ್ಲಿ ತರುಬಿದ್ದ. ನಮ್ಮ ಕಡೆ ಖಾಲಿ ಹೊಲದಲ್ಲಿ ಕುರಿ ತರುಬಿಸಿದರೆ, ಅಂದರೆ ರಾತ್ರಿ ಕೂಡಿಹಾಕಿಸಿದರೆ, ಗೊಬ್ಬರದ ಚಿಂತೆ ಇಲ್ಲ. ಹೊಲದವರು ಕುರಿಗಾರರಿಗೆ ರೊಟ್ಟಿ, ಕಾಳು ಕೊಡುತ್ತಾರೆ. ಕುರಿಗಾರರು ಕಂಬಳಿ, ಹಟ್ಟಿ ಕಟ್ಟುವ ಬಲೆ, ಅಡುಗೆಯ ಭಾಂಡೆ, ಹುಟ್ಟಿದ ಮರಿಗಳನ್ನೆಲ್ಲ ಗಿಡ್ಡ ಕುದುರೆಯ ಮೇಲೆ ಹೇರಿಕೊಂಡು ಊರೂರು ಹೋಗುತ್ತಾರೆ. ಲಗಮಪ್ಪನ ಬಳಿ ಇಂಥ ಎರಡು ಕುದುರೆಗಳಿದ್ದುವು. ಅದರಲ್ಲಿ ಮುದಿಯಾದುದನ್ನು ಅವನು ಎರಡು ಚೀಲ ಗೋವಿನಜೋಳಕ್ಕೆ ಬಿಟ್ಟುಕೊಟ್ಟು, ಹಿಂಡನ್ನು ಹೊಡೆದುಕೊಂಡು ಪಡುವಣಕ್ಕೆ ಹೋದ. ದುಂಡಪ್ಪ ಸರದಾರರ ಕುದುರೆಗೆ ಇಡುವಂತೆ ಅದಕ್ಕೆ ಸರ್ಜಾ ಎಂದು ಹೆಸರಿಟ್ಟ. ಹೊಟ್ಟೆ ಜೋತುಬಿದ್ದು, ಬಾಲ ಅರ್ಧ ಉದುರಿ, ಒಂದು ಕಿವಿಯನ್ನು ಸದಾ ಮಡಚಿಕೊಂಡಿರುತ್ತಿದ್ದ ಆ ಪ್ರಾಣಿಗೆ ಆ ಹೆಸರು ಸ್ವಲ್ಪ ದೊಡ್ಡದಾಯಿತು.

“ಬಾಳವ್ವಗ ಏನ್ ಹೇಳಿದಿ?” ಎಂದೆ.

“ಹುಕ್ಕೇರಿ ಆಚೆ ಒಂದು ಮಠದಾಗ ಎರಡ ದಿನ ಪ್ರವಚನ ಐತಿ, ನಾಲ್ಕೂ ಮಂದಿ ಹೊಂಟೇವಿ ಅಂತ ಹೇಳೇನಿ. ಕುದರಿ ಮಠಕ್ಕ ದಾನ.”

“ಯಾವ ಮಠ ಅಂತ ಕೇಳಲಿಲ್ಲಾ?”

“ಇಲ್ಲ. ಖುಷಿ ಆದಳು. ‘ಹಂಗಾರ ನಾನೂ ಎರಡ ದಿನ ತವರಮನಿಗೆ ಹೋಗಿ ಬರತೇನಿ’ ಅಂದಳು.” ದುಂಡಪ್ಪ ಸುತ್ತ ನೋಡಿ ದನಿ ತಗ್ಗಿಸಿದ. “ಆಕಿ ತವರ ದಡ್ಡಿ. ನಾವು ಗುಡ್ಡದ ಈ ಕಡೆ, ಆಕಿ ಗುಡ್ಡದ ಆ ಕಡೆ. ನಡುವ ಇಷ್ಟ ದೊಡ್ಡ ಗುಡ್ಡ ನಿಂತೈತಿ. ಯಾರಿಗೆ ಕಾಣತೈತಿ?”

ಮೂವತ್ತೈದು ವರ್ಷ ಮಕ್ಕಳಿಗೆ ಭೂಗೋಳವನ್ನೂ ಕಲಿಸಿದ ನನಗೆ ಆ ಮಾತು ಸರಿಯಾಗಿಯೇ ಕಂಡಿತು.

ಮೊದಲನೆಯ ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಸರ್ಜಾ ಟೆಂಪೋದಲ್ಲಿ ಹತ್ತರಗಿಗೆ ಬಂದ. ಅನುರಾಧಾಬಾಯಿ ಖಾನಾವಳಿಯ ಹಿತ್ತಿಲಲ್ಲಿ ಅವನಿಗೆ ಬೆಲ್ಲ, ಹಿಂಡಿ ಇಟ್ಟರು. ನಾವು ಫೋನುಗಳನ್ನು ಡಬ್ಬಿಯಲ್ಲಿ ಹಾಕಿದೆವು. ಭಾಂಡೆ, ಕಂಬಳಿ, ಹಿಟ್ಟು, ಬಸವಣ್ಣೆಪ್ಪನ ಕರದಂಟಿನ ಡಬ್ಬಿ ಎಲ್ಲ ಸರ್ಜಾನ ಬೆನ್ನೇರಿದುವು. ಮಧ್ಯಾಹ್ನದೊಳಗೆ ಮಂಟಪ ಸೇರಿದೆವು. ಯಾರೂ ಬೀಳಲಿಲ್ಲ, ಏನೂ ಹರಿಯಲಿಲ್ಲ. ಗಜಾನನನಿಗೆ ಇದು ಸರಿಬರಲಿಲ್ಲ. “ಟೈಮಿಗೆ ಸರಿಯಾಗಿ ಬಂದ ಗಾಡಿ ಹೋಗೂವಾಗ ಕೈಕೊಡತೈತಿ,” ಎಂದ.

ಮರುದಿನ ಬೆಳಗ್ಗೆ ಇಳಿಯುವಾಗ ಮಂಜು ಬಿದ್ದಿತ್ತು. ದುಂಡಪ್ಪ ಮಂಟಪದ ಹಿಂದಿನ ಒಂದು ಕಾಲುದಾರಿಯನ್ನು ತೋರಿಸಿ, ಇದರಲ್ಲಿ ಹೋದರೆ ಅನುರಾಧಾಬಾಯಿಯ ಹಿತ್ತಿಲಿಗೇ ಇಳಿಯುತ್ತೇವೆಂದ. ಹಳೆಯ ದಾರಿ ಕಣ್ಣ ಮುಂದೆಯೇ ಇತ್ತು. ಆದರೂ ಹೊರಟೆವು. ಹಿಂದಿನ ದಿನದ ಸುಖ ನಮ್ಮ ಬುದ್ಧಿಯನ್ನು ಕೆಡಿಸಿತ್ತು.

ಮಂಜು ಹರಿಯುವ ಹೊತ್ತಿಗೆ ನಮ್ಮ ಸುತ್ತ ಲಂಟಾನದ ಪೊದೆಗಳ ಹೊರತು ಏನೂ ಇರಲಿಲ್ಲ. ಸುತ್ತಿ ಬಂದರೆ ಅದೇ ಬಂಡೆ, ಇನ್ನೊಮ್ಮೆ ಸುತ್ತಿ ಬಂದರೂ ಅದೇ ಬಂಡೆ. ಕಡೆಗೆ ಆಡು ಕಾಯುವ ಮುದುಕನೊಬ್ಬ ಎದುರಾದ. ನಮಗೆ ದೇವರು ಕಂಡಂತಾಯಿತು. ದುಂಡಪ್ಪ ಅವನನ್ನು ನಿಲ್ಲಿಸಿ, ಆಡುಗಳ ಹಲ್ಲು ನೋಡಿದ, ಈ ವರ್ಷದ ಮಳೆ ವಿಚಾರಿಸಿದ, ಮುದುಕನ ಕೆಮ್ಮಿಗೆ ಜ್ಯೇಷ್ಠಮಧು ಹೇಳಿದ. ಮುದುಕ ಕೈಮುಗಿದು ಹೊರಟುಹೋದ.

“ಲೇ ದುಂಡ್ಯಾ, ದಾರಿ ಕೇಳಲಿಲ್ಲಲೋ,” ಎಂದ ಗಜಾನನ.

“ಅಂವಗ ಏನ ಗೊತ್ತಿರತೈತಿ? ಅಂವಾ ಆಡಿನ ಬೆನ್ನ ಹತ್ತಿ ತಿರಗಾಂವ.”

“ನಾವು ನಿನ್ನ ಬೆನ್ನ ಹತ್ತಿ ತಿರಗಾವ್ರು. ಆಡರೇ ಮೇದು ಹೊಟ್ಟಿ ತುಂಬಿಸಿಕೋತಾವು,” ಎಂದ ಬಸವಣ್ಣೆಪ್ಪ.

ಗಜಾನನ ಸೀಟಿ ಊದಿ ಮುದುಕನನ್ನು ಕರೆದ. ಮುದುಕ ತಿರುಗಿ ನೋಡಿ, ಅರಣ್ಯದ ಗಾರ್ಡು ಬಂದನೆಂದು ತಿಳಿದನೋ ಏನೋ, ಆಡುಗಳೊಡನೆ ಓಡಿಯೇ ಹೋದ.

ಆಗ ದುಂಡಪ್ಪನಿಗೆ ಉಪಾಯ ಹೊಳೆಯಿತು. ಒಂದು ಕಲ್ಲಿನ ಮೇಲೆ ಕುಳಿತು ಅದನ್ನು ನಮಗೆ ವಿವರಿಸಿದ. ಸಂಜೆ ಆಕಳು ತಾನಾಗಿ ಮೇವಿನ ಗೋದಲಿಗೆ ಬರುವುದಿಲ್ಲವೆ? ಮಾರಿದ ಎತ್ತು ಸಂತೆಯಿಂದ ಹಗ್ಗ ಹರಿದುಕೊಂಡು ಹಳೆಯ ಮನೆಗೆ ಬರುವುದಿಲ್ಲವೆ? ಹೊಟ್ಟೆಗೆ ಇಟ್ಟ ಜಾಗವನ್ನು ದನ ಮರೆಯುವುದಿಲ್ಲ. ಸರ್ಜಾ ನಿನ್ನೆ ಹತ್ತರಗಿಯಲ್ಲಿ ಬೆಲ್ಲ ತಿಂದಿದ್ದಾನೆ. ಹಗ್ಗ ಬಿಟ್ಟರೆ ನೇರವಾಗಿ ಅನುರಾಧಾಬಾಯಿಯ ಹಿತ್ತಿಲಿಗೆ ಹೋಗಿ ನಿಲ್ಲುತ್ತಾನೆ. ನಾವು ಹಿಂದೆ ನಡೆದರಾಯಿತು.

ಹೊಲ ಮನೆ ಇದ್ದವರಿಗೆಲ್ಲ ಇದು ಗೊತ್ತಿದ್ದ ಮಾತೇ. ಯಾರೂ ಎದುರಾಡಲಿಲ್ಲ. ದುಂಡಪ್ಪ ಹಗ್ಗವನ್ನು ಕುದುರೆಯ ಕೊರಳಿಗೆ ಸುತ್ತಿ, ಬೆನ್ನ ಮೇಲೆ ಕೈಯಾಡಿಸಿ, “ನಡಿಯಪಾ ಮನಿಗೆ,” ಎಂದ.

ಸರ್ಜಾ ಮಡಚಿದ ಕಿವಿಯನ್ನು ನಿಮಿರಿಸಿದ. ಮೂಗು ಎತ್ತಿ ಗಾಳಿಯನ್ನು ಮೂಸಿದ. ಆಮೇಲೆ ಬಿರಬಿರನೆ ನಡೆಯತೊಡಗಿದ. ಎರಡು ದಿನದಲ್ಲಿ ಅವನು ಹಾಗೆ ನಡೆದದ್ದನ್ನು ನಾವು ಕಂಡಿರಲಿಲ್ಲ.

“ನೋಡ್ರಿ, ನೋಡ್ರಿ,” ಎಂದ ದುಂಡಪ್ಪ. “ಯಾರೂ ಹಗ್ಗ ಮುಟ್ಟಬ್ಯಾಡ್ರಿ. ಅದರ ಲಕ್ಷ್ಯ ಕೆಡತೈತಿ.”

ನಾವು ಮುಟ್ಟಲಿಲ್ಲ. ಕುದುರೆ ಹಳ್ಳಕ್ಕೆ ಇಳಿಯಿತು, ನಾವೂ ಮೊಣಕಾಲುದ್ದ ನೀರಿಗೆ ಇಳಿದೆವು. ಕುದುರೆ ಪೊದೆಯಡಿ ನುಸುಳಿತು, ನಾವು ಅಂಬೆಗಾಲಿನಲ್ಲಿ ನುಸುಳಿದೆವು. ಒಂದೆಡೆ ನಿಂತು ಹುಲ್ಲು ಮೇಯತೊಡಗಿದಾಗ ಗಜಾನನ ತಾಳ್ಮೆಗೆಟ್ಟು ಎರಡು ಸಲ ಸೀಟಿ ಊದಿ, “ರೈಟ್,” ಎಂದ. ಸೀಟಿ ಕೇಳಿದ್ದೇ ತಡ, ಕುದುರೆ ಭಾಂಡೆಗಳನ್ನು ಝಣಝಣ ಬಡಿಸುತ್ತ ಓಡತೊಡಗಿತು. ಕರದಂಟಿನ ಡಬ್ಬಿಯ ಮುಚ್ಚಳ ಹಾರಿತು. ಬಸವಣ್ಣೆಪ್ಪ ದಾರಿಯುದ್ದಕ್ಕೂ ತನ್ನ ಮಾಲನ್ನು ಆರಿಸಿಕೊಳ್ಳುತ್ತ, ಊದಿ ಊದಿ ಜೇಬಿಗೆ ಹಾಕಿಕೊಳ್ಳುತ್ತ ಬಂದ.

“ಹತ್ತರಗಿಗೆ ಹೋಗೂವಾಗ ಹೊತ್ತ ಬೆನ್ನಿಗೆ ಇರಬೇಕಲ್ಲೋ,” ಎಂದೆ ನಾನು. ಮಧ್ಯಾಹ್ನದ ಸೂರ್ಯ ನಮ್ಮ ಮುಖಕ್ಕೇ ಹೊಡೆಯುತ್ತಿದ್ದ.

“ಮಾಸ್ತರ, ನಿಮಗ ಪುಸ್ತಕದಾಗಿನ ಸೂರ್ಯಾ ಗೊತ್ತು. ಕುದರಿಗೆ ಹಿಂಡಿ ಗೊತ್ತು,” ಎಂದ ದುಂಡಪ್ಪ.

ಹೊತ್ತು ಇಳಿಯುವಾಗ ಗುಡ್ಡ ಮುಗಿದು ಬಯಲು ಬಂತು. ಕಬ್ಬು ಕಡಿದ ಹೊಲ, ಅದರಾಚೆ ನದಿಯ ಸಾಲುಮರಗಳು. ಹೆದ್ದಾರಿಯ ಸದ್ದು ಎಲ್ಲಿಯೂ ಇರಲಿಲ್ಲ. ಸರ್ಜಾ ತಲೆಯೆತ್ತಿ ಒಮ್ಮೆ ಹೇಷಾರವ ಮಾಡಿದ. ಹೊಲದ ಆ ಬದಿಯಿಂದ ಇನ್ನೊಂದು ಕುದುರೆ ಉತ್ತರ ಕೊಟ್ಟಿತು. ಅಲ್ಲಿ ಬಲೆ ಕಟ್ಟಿದ ಹಟ್ಟಿ, ಹಟ್ಟಿಯ ತುಂಬ ಕುರಿಗಳು. ನಮ್ಮ ಕುದುರೆ ಸೀದಾ ಹೋಗಿ ಆ ಕುದುರೆಯ ಕೊರಳ ಮೇಲೆ ಕೊರಳಿಟ್ಟು ನಿಂತಿತು.

ಕಂಬಳಿ ಹೊದ್ದ ಲಗಮಪ್ಪ ಎದ್ದು ಬಂದ. “ಧಣ್ಯಾರ, ನೀವು? ಕುದರಿ ತಿರುಗಿ ಕೊಡಾಕ ಇಷ್ಟ ದೂರ ಬಂದ್ರೇನು?”

ನಮಗೆ ಆಗ ಅರ್ಥವಾಯಿತು. ಹೊಟ್ಟೆಗೆ ಇಟ್ಟ ಜಾಗವೇ ಮನೆ ಎಂಬುದು ಗೋದಲಿ ಕಂಡ ದನದ ಲೆಕ್ಕ. ಕುರಿಗಾರನ ಕುದುರೆ ಗೋದಲಿಯನ್ನೇ ಕಂಡಿಲ್ಲ. ಹಿಂಡು ಎಲ್ಲಿ ತರುಬಿದೆಯೋ ಅದೇ ಅದರ ಮನೆ. ಗಾಳಿಯಲ್ಲಿ ಕುರಿಯ ವಾಸನೆ ಸಿಕ್ಕೊಡನೆ ಅದು ನಮ್ಮನ್ನು ನಿಜವಾಗಿಯೂ ಮನೆಗೇ ಕರೆತಂದಿತ್ತು.

ದುಂಡಪ್ಪ ಇದನ್ನೆಲ್ಲ ಯೋಚಿಸುತ್ತಿರಲಿಲ್ಲ. ಅವನು ಹೊಲದ ನಡುವಿನ ಬೇವಿನ ಮರವನ್ನೇ ನೋಡುತ್ತಿದ್ದ.

“ಲಗಮಪ್ಪಾ,” ಎಂದ, “ಇದು ಯಾರ ಹೊಲ?”

“ದಡ್ಡಿ ರಾಜಪ್ಪಗೌಡ್ರದ್ದು. ನೀವ ಹೇಳಿ ಕಳಿಸಿದ್ರಲ್ಲರೀ, ‘ನನ್ನ ಹೆಂಡ್ತಿ ತಮ್ಮನ ಹೊಲ ಐತಿ, ಅಲ್ಲಿ ತರುಬು’ ಅಂತ.”

ಬಸವಣ್ಣೆಪ್ಪ ಕರದಂಟಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ನೆಲಕ್ಕೆ ಕುಳಿತುಬಿಟ್ಟ. “ಹಟ್ಟಿ ಬಲಿಯೊಳಗ ಹೊಕ್ಕು ಕುಂದ್ರೂಣೇನು?” ಎಂದು ಗಜಾನನ ಕೇಳಿದ. ಅದಕ್ಕೂ ಹೊತ್ತು ಮೀರಿತ್ತು. ಬದುವಿನ ಮೇಲೆ ಇಬ್ಬರು ಹೆಂಗಸರು ಬರುತ್ತಿದ್ದರು. ಕುರಿಗಾರರಿಗೆ ರೊಟ್ಟಿಯ ಬುಟ್ಟಿ ಹೊತ್ತು ಮುಂದೆ ಬರುತ್ತಿದ್ದವಳು ಬಾಳವ್ವ. ಹಿಂದಿನವಳು ಅವಳ ಬಾಲ್ಯದ ಗೆಳತಿ, ಅದೇ ಊರಿಗೆ ಕೊಟ್ಟ ಅಲ್ಲವ್ವ.

“ಲೇ ಬಾಳಿ,” ಎಂದಳು ಅಲ್ಲವ್ವ, “ಅಲ್ಲಿ ನೋಡ, ಯಾವುದೋ ದಿಬ್ಬಣ ಬಂದೈತಿ.”

ಬಾಳವ್ವ ಹತ್ತಿರ ಬಂದು ಬುಟ್ಟಿ ಇಳಿಸಿದಳು. ಮೊದಲು ಕುದುರೆಯನ್ನು ನೋಡಿದಳು. ಆಮೇಲೆ ಹಸಿ ಕೆಸರಾದ ನಮ್ಮ ಧೋತರಗಳನ್ನು. ಗಂಡನನ್ನು ಕೊನೆಗೆ ನೋಡಿದಳು.

“ಪ್ರವಚನ ಮುಗೀತೇನ್ರಿ?”

“ಮುಗೀತು,” ಎಂದ ದುಂಡಪ್ಪ.

“ಮಠದವರು ಕುದರಿ ಒಲ್ಲೆ ಅಂದ್ರೇನು?”

“ಒಲ್ಲೆ ಅಂದ್ರು. ಮುಪ್ಪಾಗೇತಿ ಅಂದ್ರು.”

“ಪಾಪ. ಈ ಭಾಂಡೆ ಎಲ್ಲಾ ಎಲ್ಲೀವು?”

ದುಂಡಪ್ಪ ನನ್ನ ಕಡೆ ನೋಡಿದ. ನಾನು ಒಂದು ಕುರಿಮರಿಯನ್ನು ಎತ್ತಿಕೊಂಡು ಅದರ ಗೊರಸನ್ನು ಪರೀಕ್ಷಿಸುತ್ತಿದ್ದೆ. ಬಸವಣ್ಣೆಪ್ಪ ನೆರವಿಗೆ ಬಂದ. “ಅವು ಮಠದ್ದ ಭಾಂಡೇರಿ. ಪ್ರಸಾದ ಹಾಕಿ ಕೊಟ್ರು.”

ಬಾಳವ್ವ ಕುದುರೆಯ ಬೆನ್ನಿನಿಂದ ಒಂದು ಪಾತೇಲಿಯನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಅದರ ಅಂಚಿನಲ್ಲಿ ಅವಳ ತವರಿನವರು ಮದುವೆಯಲ್ಲಿ ಕೊಟ್ಟಾಗ ಕೊರೆಸಿದ ಹೆಸರು ಇತ್ತು. “ಮಠದವರು ನನ್ನ ಹೆಸರ ಯಾಕ ಕೊರಸ್ಯಾರ ಅಣ್ಣಾರ?” ಎಂದಳು. ಬಸವಣ್ಣೆಪ್ಪ ಜೇಬಿನಿಂದ ಇನ್ನೊಂದು ತುಂಡು ಕರದಂಟು ತೆಗೆದು ಬಾಯಿಗೆ ತುರುಕಿಕೊಂಡ.

ಅಷ್ಟರಲ್ಲಿ ಅವಳ ತಮ್ಮ ರಾಜಪ್ಪ ಬೈಕಿನ ಮೇಲೆ ಬಂದ. ಅಕ್ಕನ ಮುಖ ನೋಡಿದ, ಮಾಮಾನ ಮುಖ ನೋಡಿದ, ಬೈಕ್ ಆರಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಬಾಳವ್ವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಅದರಿಂದಲೇ ನಮಗೆ ಹೆಚ್ಚು ಭಯವಾಯಿತು.

“ರಾಜೂ, ನಿಮ್ಮ ಮಾಮಾರು ಎರಡ ದಿನ ಕುಂತು ಪ್ರವಚನ ಕೇಳಿ ಬಂದಾರ. ನಾವು ಹೊಲಮನ್ಯಾಗ ದುಡ್ಯಾವ್ರು, ನಮಗ ಎಲ್ಲಿ ಸಿಗತೈತಿ? ಅದನ್ನ ನಮಗೂ ಒಂದೀಟ ಹೇಳಲಿ. ಲಗಮಣ್ಣಾ, ಕಂಬಳಿ ಹಾಸಪಾ.”

ಲಗಮಪ್ಪ ಭಕ್ತಿಯಿಂದ ಕಂಬಳಿ ಹಾಸಿದ. ಮುಳುಗುವ ಹೊತ್ತಿನ ಕೆಂಪಿನಲ್ಲಿ ಅವನ ಮನೆಯವರೂ ಪಕ್ಕದ ಹೊಲದ ಇಬ್ಬರೂ ಬಂದು ಕುಳಿತರು. ನಮ್ಮ ಮೂವರನ್ನೂ ಬಾಳವ್ವ ಮುಂದಿನ ಸಾಲಿನಲ್ಲಿ ಕೂಡಿಸಿದಳು. ಸೊಂಟದ ಬಳಿ ಸಿಕ್ಕಿಸಿದ್ದ ಫೋನನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಮೂರು ಮನೆಗಳೂ ಆ ಫೋನಿನಲ್ಲಿದ್ದುವು.

ದುಂಡಪ್ಪ ಮೊಣಕಾಲು ಮಡಚಲಾಗದೆ ಕಾಲು ಚಾಚಿ ಕುಳಿತ. ಗಂಟಲು ಸರಿಮಾಡಿಕೊಂಡ.

“ಮಠದ ಅಪ್ಪಾರು ಹೇಳಿದ್ರು... ಒಬ್ಬಾವ ಮನಷ್ಯಾ ಇದ್ದ.”

“ಯಾವ ಊರಾಂವ?” ಎಂದಳು ಬಾಳವ್ವ.

“ಊರ ಹೇಳಲಿಲ್ಲ. ಅಂವಗ ಮೊಣಕಾಲ ಬ್ಯಾನಿ ಇತ್ತು.”

“ಹೆಂಡ್ತಿ ಇದ್ದಳೇನು?”

“ಇದ್ದಳು. ಭಾಳ ಶ್ಯಾಣ್ಯಾಕಿ ಇದ್ದಳಂತ. ‘ಗುಡ್ಡಕ್ಕ ಹೋಗಬ್ಯಾಡ್ರಿ’ ಅಂತ ಹೇಳಿದ್ದಳು.”

“ಅಂವ ಕೇಳಿದ್ನೇನು?”

“ಕೇಳಲಿಲ್ಲ,” ಎಂದ ದುಂಡಪ್ಪ. ಕುರಿಗಾರರು ಲೊಚಗುಟ್ಟಿದರು.

“ಯಾಕ ಕೇಳಲಿಲ್ಲಂತ? ಅಪ್ಪಾರು ಹೇಳಿರಬೇಕಲ್ಲ.”

ದುಂಡಪ್ಪ ಕಂಬಳಿಯ ನೂಲೊಂದನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಈಗ ಅವನು ಪ್ರವಚನದ ದನಿಯನ್ನು ಬಿಟ್ಟಿದ್ದ.

“ಊರಾಗ ಅಂವನ್ನ ಎಲ್ಲಾರೂ ಕಾಕಾ ಅಂತಿದ್ರು, ಅಜ್ಜಾ ಅಂತಿದ್ರು. ಧಣ್ಯಾರ ಅಂತಿದ್ರು. ಸೊಸಿ ಬಂದ್ರ ಎದ್ದ ಹೊರಗ ಹೋಗಬೇಕು, ಮೊಮ್ಮಕ್ಕಳ ಮುಂದ ನೆಟ್ಟಗ ಕುಂದ್ರಬೇಕು. ವರಸದಾಗ ಎರಡ ದಿನ, ಆ ಗುಡ್ಡದ ಮ್ಯಾಲ ಅಷ್ಟ, ಮೂರು ಮಂದಿ ಅಂವನ್ನ ‘ಲೇ ದುಂಡ್ಯಾ’ ಅಂತಿದ್ರು. ಅದನ್ನ ಕೇಳಾಕ ಹೋಗತಿದ್ದ.”

ಆ ಮನುಷ್ಯನ ಹೆಸರು ಪ್ರವಚನದಲ್ಲಿ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಹಟ್ಟಿಯಲ್ಲಿ ಒಂದು ಮರಿ ಕೂಗಿತು. ಗಜಾನನ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡ. ನಾನು ನೆಲ ನೋಡುತ್ತಿದ್ದೆ. ನಾವೆಲ್ಲ ಅಲ್ಲಿಗೆ ಏಕೆ ಹೋಗುತ್ತೇವೆಂದು ಇಷ್ಟು ವರ್ಷಗಳಲ್ಲಿ ನಮ್ಮಲ್ಲಿ ಯಾರೂ ಹೇಳಿಕೊಂಡಿರಲಿಲ್ಲ.

ಬಾಳವ್ವ ಫೋನನ್ನು ತೊಡೆಯ ಮೇಲೆ ಒಮ್ಮೆ ತಿರುವಿದಳು.

“ಮತ್ತ ಆ ಮನಷ್ಯಾನ ಹೆಂಡ್ತಿನ್ನ ‘ಲೇ’ ಅನ್ನಾವ್ರು ಯಾರರೇ ಇದ್ರಂತೇನು?”

ದುಂಡಪ್ಪ ಚಾಚಿದ ಕಾಲನ್ನು ಸರಿಸಿಕೊಂಡ. “ಅದನ್ನ... ಅಪ್ಪಾರು ಹೇಳಲಿಲ್ಲ.”

“ಆ ಮನಷ್ಯಾ ಕೇಳಿರಂಗಿಲ್ಲ,” ಎಂದಳು ಬಾಳವ್ವ. “ಅಂವ ಏನನ್ನೂ ಕೇಳಾಂವಲ್ಲ.”

“ನನ್ನ ಕೇಳ್ರಿ, ನಾ ಹೇಳತೇನಿ,” ಎಂದಳು ಅಲ್ಲವ್ವ. “ಈಕಿ ದಡ್ಡಿಗಿ ಯಾಕ ಬರತಾಳ ಅಂತ ತಿಳದೀರಿ ಮಾಮಾರ? ತಮ್ಮನ ಮನ್ಯಾಗ ಹೋಳಗಿ ತಿನ್ನಾಕೇನು? ಹೋಳಗಿ ತಿಂದ ಕೂಡಲೇ ನಮ್ಮನಿ ಕಟ್ಟಿಗಿ ಬರತಾಳ.”

“ಆ ಗುಡ್ಡ ಗುಡ್ಡ ಅಂತೀರಲ್ಲ,” ಎಂದಳು ಬಾಳವ್ವ, ಈಗ ಗಂಡನಿಗೆ ನೇರವಾಗಿ. “ಅದರಾಗ ಕವಳಿ ಹಣ್ಣ ಆರಿಸಿ ಆರಿಸಿ ಸಣ್ಣಾಕಿ ಇದ್ದಾಗ ನಮ್ಮಿಬ್ಬರ ಪರಕರ ಹರದು ಚಿಂದಿ ಆಗಿದ್ವು. ಆ ಮಂಟಪದ ಒರತಿಗಿ ಬಾಯಿ ಹಚ್ಚಿ ನೀರ ಕುಡದೇವಿ. ಈ ಕಡೆಯಿಂದ ಎತ್ತಿನ ಗಾಡಿ ಹೋಗೂವಷ್ಟು ಚಲೋ ದಾರಿ ಐತಿ. ನಲವತ್ತು ವರ್ಷ ಆತು ಮದುವಿ ಆಗಿ. ಒಮ್ಮೆರೇ ಕೇಳೀರೇನು?”

ನಾವೆಲ್ಲ ದುಂಡಪ್ಪನನ್ನೇ ನೋಡಿದೆವು. ಅವನು ಕೆನ್ನೆ ತುರಿಸಿಕೊಂಡ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ. ಕುದುರೆಯ ಕಡೆ ನೋಡಿದ. ಅದು ಅವನನ್ನು ಮರೆತಿತ್ತು.

“ದಾರಿ ಯಾವ ಕಡೆಯಿಂದ ಐತಿ?” ಎಂದು ಕೇಳಿದ.

ಬಸವಣ್ಣೆಪ್ಪ ನನ್ನ ತೊಡೆಯನ್ನು ಚಿವುಟಿದ. ಬಾಳವ್ವ ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಬುಟ್ಟಿಯ ಮೇಲಿನ ಅರಿವೆ ಸರಿಸಿ, ಮೊದಲು ಲಗಮಪ್ಪನ ಮನೆಯವರಿಗೆ, ಆಮೇಲೆ ನಮಗೆ ರೊಟ್ಟಿ ಹಾಕಿದಳು.

“ಹೇಳಿದ್ರ ತಿಳಿಯಂಗಿಲ್ಲ ನಿಮಗ,” ಎಂದಳು. “ಬರೂ ವರ್ಷ ನಾನೂ ಅಲ್ಲವ್ವನೂ ಬರತೇವಿ. ಮುಂದ ನಾವು, ಹಿಂದ ನೀವು. ಕಬೂಲಿದ್ರ ಉಣ್ರಿ.”

ನಾವು ಉಂಡೆವು. ಲಗಮಪ್ಪ ಗೋವಿನಜೋಳ ತಿರುಗಿ ಕೊಡುವ ಮಾತು ತೆಗೆದಾಗ ದುಂಡಪ್ಪ ಕೈ ಅಡ್ಡ ಮಾಡಿ, ಕುದುರೆಯನ್ನು ಹಿಂಡಿನಲ್ಲೇ ಇಟ್ಟುಕೊ, ವರ್ಷಕ್ಕೆ ಎರಡು ದಿನ ಕೊಟ್ಟರೆ ಸಾಕೆಂದ. ಅನುರಾಧಾಬಾಯಿಯ ಹಿಟ್ಟಿನ ಡಬ್ಬಿಯಲ್ಲಿದ್ದ ನಮ್ಮ ಫೋನುಗಳನ್ನು ರಾಜಪ್ಪ ಮರುದಿನ ತಂದುಕೊಟ್ಟ. ಒಂದರಲ್ಲಿ ಇನ್ನೂ ಹಿಟ್ಟು ಉದುರುತ್ತದೆ.

ಈ ಮಾರ್ಗಶಿರದಲ್ಲಿ ದಡ್ಡಿಯ ಕಡೆಯಿಂದಲೇ ಹೋದೆವು. ಬಾಳವ್ವ ಹೇಳಿದಂತೆ ದಾರಿ ಅಗಲವಾಗಿತ್ತು, ನೆರಳಿತ್ತು, ಎಲ್ಲಿಯೂ ತಗ್ಗು ಇರಲಿಲ್ಲ. ಅವಳೂ ಅಲ್ಲವ್ವನೂ ಸರ್ಜಾನ ಹಗ್ಗ ಹಿಡಿದು, ಇಡೀ ದಾರಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ನಗುತ್ತ ಮುಂದೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಕಣ್ಣಿಗೆ ಮರೆಯಾದರು.

ನಾವು ಹಿಂದೆ ಉಳಿಯಲು ಕಾರಣ ದುಂಡಪ್ಪನ ಹೊಸ ಚಟ. ಈಗ ಅವನು ಸಿಕ್ಕ ಸಿಕ್ಕವರನ್ನೆಲ್ಲ ದಾರಿ ಕೇಳುತ್ತಾನೆ. ಸೌದೆ ಹೊತ್ತ ಹೆಂಗಸನ್ನು ಕೇಳಿದ, ಜೇನು ಬಿಡಿಸುವವನನ್ನು ಕೇಳಿದ, ಆಗಲೇ ದಾರಿ ಹೇಳಿದ್ದ ಒಬ್ಬ ಮುಂದೆ ಮತ್ತೆ ಎದುರಾದಾಗ ಅವನನ್ನೇ ಇನ್ನೊಮ್ಮೆ ಕೇಳಿದ. ಹೋದ ವರ್ಷ ಓಡಿಹೋಗಿದ್ದ ಆಡಿನ ಮುದುಕ ಸಿಕ್ಕು, ಕೆಮ್ಮು ನಿಂತಿದೆಯೆಂದು ಹೇಳಿ, ದಾರಿಯ ಜೊತೆಗೆ ತನ್ನ ಇಬ್ಬರು ಅಳಿಯಂದಿರ ಕತೆಯನ್ನೂ ಹೇಳಿದ. ಎತ್ತಿನ ಗಾಡಿ ಹೋಗುವಂಥ ದಾರಿಯಲ್ಲಿ, ಎಲ್ಲಿಯೂ ತಪ್ಪದೆ, ನಾವು ಹಿಂದಿನ ಎಲ್ಲ ವರ್ಷಗಳಿಗಿಂತ ತಡವಾಗಿ ಕೊನೆಯ ಏರಿಗೆ ಬಂದೆವು.

ಮೇಲೆ ಮಂಟಪದಿಂದ ಹೊಗೆ ಏಳುತ್ತಿತ್ತು. ಚಹದ ವಾಸನೆ ಬಂತು. ಆಗ ಅಲ್ಲಿಂದ ಒಂದು ಕೂಗು ಇಳಿದು ಬಂತು.

“ಲೇ ದುಂಡ್ಯಾ, ಚಹಾ ಆರಾಕತ್ತೈತಿ, ಬರತೀಯೋ ಇಲ್ಲೋ?”

ಗಜಾನನ ನನ್ನನ್ನು ನೋಡಿದ. ನಾನು ಬಸವಣ್ಣೆಪ್ಪನನ್ನು ನೋಡಿದೆ. ನಾವು ಮೂವರೂ ಬಾಯಿ ತೆರೆದಿರಲಿಲ್ಲ; ಕೂಗು ಹೆಣ್ಣು ದನಿಯದು, ಅಲ್ಲವ್ವನದಲ್ಲ. ದುಂಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕಲ್ಲುಗಣಿಯ ಆ ಮೊಣಕಾಲನ್ನು ಎಳೆಯುತ್ತ, ನಮ್ಮನ್ನು ಹಿಂದೆ ಬಿಟ್ಟು ಏರು ಹತ್ತತೊಡಗಿದ.